ವಿಧಿಸಿದವರು ಯಾರು?

‘ವಿಧಿಯಿಲ್ಲದೆ ಒಪ್ಪಿಕೊಂಡೆ’ ಎನ್ನುತ್ತೇವೆ. ಅದೇ ಬಾಯಲ್ಲಿ ‘ಎಲ್ಲ ವಿಧಿಯಾಟ’ ಎಂದೂ ನಿಟ್ಟುಸಿರುಬಿಡುತ್ತೇವೆ. ಮೊದಲ ಮಾತಿನಲ್ಲಿ ವಿಧಿ ಎಂದರೆ ಉಪಾಯ, ಸಿಕ್ಕಿದ್ದರೆ ಪಾರಾಗಬಹುದಾಗಿದ್ದ ದಾರಿ. ಎರಡನೆಯದರಲ್ಲಿ ಅದು ಎಲ್ಲ ದಾರಿಗಳನ್ನೂ ಮುಚ್ಚಿಬಿಡುವ ಹಣೆಬರಹ. ನಮ್ಮ ಆಡುಮಾತು ಈ ಎರಡನ್ನೂ ಒಂದೇ ಪದದ ಮೇಲೆ ಹೊರಿಸಿದೆ.

ಸಂಸ್ಕೃತದ ‘ಧಾ’ ಧಾತುವಿಗೆ ‘ವಿ’ ಸೇರಿ ಹುಟ್ಟಿದ ಪದವಿದು. ಗೊತ್ತುಪಡಿಸು, ಏರ್ಪಡಿಸು ಎಂಬುದು ಮೂಲಾರ್ಥ. ವಿಧಾನಸೌಧದ ವಿಧಾನ, ಅಲ್ಲಿ ಮಂಡನೆಯಾಗುವ ವಿಧೇಯಕ, ನಮ್ಮ ಮೇಲೆ ವಿಧಿಸುವ ತೆರಿಗೆ ಎಲ್ಲವೂ ಇದರ ಒಡಹುಟ್ಟುಗಳೇ. ಬ್ರಹ್ಮನಿಗೂ ವಿಧಿ ಎಂಬ ಹೆಸರುಂಟು. ವಿಧಿಸಿದ್ದು ಎಂದಮೇಲೆ ವಿಧಿಸಿದವರೂ ಇರಲೇಬೇಕಲ್ಲ! ಪ್ರೇಮಿಗಳ ದುರಂತ ಕಥೆ ಕೇಳಿದಾಗಲೆಲ್ಲ ನಾನು ಹುಡುಕುವುದು ಅವರನ್ನೇ.

ನಮ್ಮ ಜನಪದರ ‘ಕೆರೆಗೆ ಹಾರ’ವನ್ನೇ ನೋಡಿ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ಹನಿ ನೀರಿಲ್ಲ. ಹೊತ್ತಗೆ ತೆಗೆಸಿದರೆ ಬಲಿ ಬೇಕೆಂದು ಬಂತು. ಇಲ್ಲಿಯವರೆಗೆ ಬೇಕಾದರೆ ವಿಧಿ ಎನ್ನೋಣ. ಆದರೆ ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು, ಕಿರಿಸೊಸೆ ಭಾಗೀರತಿಯನ್ನೇ ಕೊಡೋಣ ಎಂದು ಲೆಕ್ಕ ಹಾಕಿದ್ದು ಬ್ರಹ್ಮನಲ್ಲ, ಮನೆಯವರು. ಗಂಡ ಮಾದೇವರಾಯ ದಂಡಿನಲ್ಲಿದ್ದ. ಅವನನ್ನು ಯಾರೂ ಕೇಳಲಿಲ್ಲ. ಭಾಗೀರತಿ ತವರಿಗೆ ಓಡುತ್ತಾಳೆ. ಅಪ್ಪ ಅವ್ವನ ಮುಂದೆ ಅವಳಿಗೆ ನಿಜ ಹೇಳಲಾಗುವುದಿಲ್ಲ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ನಿಜ ಹೇಳಿದ್ದು ಗೆಳತಿಗೆ. ಆ ಗೆಳತಿಯೂ ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂದುಬಿಡುತ್ತಾಳೆ. ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕುವ ಜಾಗ ಇದು. ಈ ಹೆಣ್ಣಿನದು ತ್ಯಾಗವೆಂದು ನಾವು ಹಾಡಿ ಹೊಗಳಿದ್ದೇವೆ. ಕದ ತಟ್ಟಿದಲ್ಲೆಲ್ಲ ಒಲ್ಲೆ ಎನ್ನುವ ಧೈರ್ಯವನ್ನು ಯಾರೂ ತುಂಬದಿದ್ದಾಗ ಅದನ್ನು ತ್ಯಾಗವೆನ್ನಲು ನನಗೆ ಮನಸ್ಸು ಬಾರದು. ಅವಳು ವಿಧಿಯಿಲ್ಲದೆ ಕೆರೆಗಿಳಿದಳು. ಕೆಟ್ಟ ಕನಸು ಕಂಡು ಕುದುರೆಯೇರಿ ಬಂದ ಮಾದೇವರಾಯ, ನಿಜ ತಿಳಿದು ಅದೇ ಕೆರೆಗೆ ಹಾರಿದ. ಇಡೀ ಕಥೆಯಲ್ಲಿ ತನ್ನ ಸಾವನ್ನು ತಾನೇ ಆರಿಸಿಕೊಂಡವನು ಅವನೊಬ್ಬನೇ.

1972ರ ‘ನಾಗರಹಾವು’ ಚಿತ್ರದಲ್ಲೂ ಹಾಗೆಯೇ. ತಾನು ಪ್ರೀತಿಸಿದ ಅಲಮೇಲುವನ್ನು ಮರೆಯುವಂತೆ ರಾಮಾಚಾರಿಗೆ ಹೇಳುವುದು ಅವರಿಬ್ಬರ ಒಳಿತನ್ನೇ ಬಯಸುವ ಚಾಮಯ್ಯ ಮೇಷ್ಟ್ರು. ಅಲ್ಲಿಂದ ಮುಂದಿನ ಅನಾಹುತಗಳಿಗೆಲ್ಲ ಗ್ರಹಚಾರವನ್ನು ದೂರಿ ಫಲವಿಲ್ಲ.

ಈ ಪದಕ್ಕೆ ಇನ್ನೊಂದು ಜನ್ಮವೂ ಇದೆ. ಸಂವಿಧಾನ ಕನ್ನಡಕ್ಕೆ ಬಂದಾಗ ಅದರ ಒಂದೊಂದು ಅನುಚ್ಛೇದವನ್ನೂ ನಾವು ವಿಧಿ ಎಂದು ಕರೆದೆವು. 21ನೇ ವಿಧಿ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಾಯುತ್ತದೆ. ತನಗೆ ಬೇಕಾದವರನ್ನು ಮದುವೆಯಾಗುವ ಹಕ್ಕು ಆ ವಿಧಿಯೊಳಗೇ ಇದೆ ಎಂದು 2018ರಲ್ಲಿ ಶಫೀನ್ ಜಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಶಕ್ತಿ ವಾಹಿನಿ ಪ್ರಕರಣದಲ್ಲಿ, ವಯಸ್ಕರಿಬ್ಬರು ಒಪ್ಪಿದ ಮದುವೆಗೆ ಮನೆಯವರ, ಕುಲದವರ ಅನುಮತಿ ಬೇಕಿಲ್ಲ ಎಂದಿತು.

ಮರ್ಯಾದೆಯ ಹೆಸರಿನಲ್ಲಿ ಪ್ರೇಮಿಗಳನ್ನು ಕೊಂದ ಸುದ್ದಿ ಈಗಲೂ ಬರುತ್ತಿದೆ. ಸುದ್ದಿ ಬರೆಯುವವರಲ್ಲಿ ನನ್ನದೊಂದು ವಿನಂತಿ: ದಯವಿಟ್ಟು ಅದಕ್ಕೆ ‘ವಿಧಿಯಾಟ’ ಎಂಬ ತಲೆಬರಹ ಕೊಡಬೇಡಿ. ಕೊಂದವರು ಯಾರೆಂದು ಬರೆಯಿರಿ.