ಗಂಜಾಮಿನಲ್ಲೊಂದು ಬೆಳಗು

ತಾಜಮಹಲನ್ನು ಸೂರ್ಯೋದಯದಲ್ಲಿ ನೋಡಬೇಕೆಂಬುದು ನಮ್ಮ ಮನೆಯವರೆಲ್ಲರ ಬಹುದಿನದ ಹಂಬಲ. ಶುಕ್ರವಾರವೊಂದನ್ನು ಬಿಟ್ಟು ಉಳಿದ ದಿನಗಳಲ್ಲಿ ಸೂರ್ಯ ಮೂಡುವುದಕ್ಕೆ ಅರ್ಧ ಗಂಟೆ ಮೊದಲೇ ಅಲ್ಲಿ ಬಾಗಿಲು ತೆರೆಯುತ್ತಾರೆ. ದಿಲ್ಲಿಯಲ್ಲಿ ನಡುರಾತ್ರಿಯೇ ಎದ್ದು ಮೋಟಾರು ಹತ್ತಿ, ಬೆಳಗಿಗೆ ಆಗ್ರಾ ಸೇರಿ, ತಾಜಮಹಲು ಕೋಟೆ ಎರಡನ್ನೂ ಮುಗಿಸಿಕೊಂಡು ರಾತ್ರಿಯ ಊಟಕ್ಕೆ ದಿಲ್ಲಿಗೆ ಮರಳಿದ ನೆಂಟರೊಬ್ಬರು, ಆ ಅಮೃತಶಿಲೆ ಬೂದಿಯ ಬಣ್ಣದಿಂದ ಗುಲಾಬಿಗೆ, ಗುಲಾಬಿಯಿಂದ ಬಿಳುಪಿಗೆ ತಿರುಗುವ ಸೊಗಸನ್ನು ವರ್ಣಿಸಿದಾಗ ಹಂಬಲ ಇಮ್ಮಡಿಯಾಯಿತು. ಆದರೆ ಮೈಸೂರಿನ ಮೇಟಗಳ್ಳಿಯಲ್ಲಿ ಮನೆ ಮಾಡಿಕೊಂಡು ನಿವೃತ್ತಿವೇತನದಲ್ಲಿ ಸಂಸಾರ ನಡೆಸುವವನಿಗೆ ಆಗ್ರಾ ಎಂಬುದು ಎರಡು ಸಾವಿರ ಕಿಲೋಮೀಟರಿನ ಮಾತು.

“ಅದು ದೂರವಾದರೆ ಗುಂಬಜಿಗಾದರೂ ಕರಕೊಂಡು ಹೋಗು ತಾತ. ಅದೂ ಮೊಗಲರದೇ ಅಲ್ಲವೆ?” ಎಂದಳು ಮೊಮ್ಮಗಳು.

ಮರುದಿನವೇ ಹೊರಟೆವು. ಅವಳ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳಲಾಗದೆಂಬುದು ಹೊರಡುವಾಗ ನನಗೂ ಹೊಳೆದಿರಲಿಲ್ಲ.

ಮೇಟಗಳ್ಳಿ ಒಂದು ಕಾಲಕ್ಕೆ ಮೈಸೂರಿನ ಹೊರಗಣ ಹಳ್ಳಿ. ಈಗ ಕಾರ್ಖಾನೆಗಳೂ ಬಡಾವಣೆಗಳೂ ಅದನ್ನು ಸುತ್ತುಗಟ್ಟಿವೆ. ರಾತ್ರಿಪಾಳಿ ಮುಗಿಸಿದವರು ಕಿವಿಗೆ ಮಫ್ಲರು ಸುತ್ತಿಕೊಂಡು ಮನೆಗೆ ಮರಳುವ ಹೊತ್ತಿಗೆ ನಾವು ಮನೆ ಬಿಟ್ಟೆವು. ವರ್ತುಲ ರಸ್ತೆಯಿಂದ ಬೆಂಗಳೂರು ರಸ್ತೆಗೆ ಸೇರಿ, ಸಿದ್ಧಲಿಂಗಪುರ ದಾಟಿ, ಕಾವೇರಿಯ ಸೇತುವೆಯ ಮೇಲೆ ಬಂದಾಗ ಇನ್ನೂ ಕತ್ತಲು. ಗುಂಬಜಿನ ಬಾಗಿಲು ತೆರೆಯಲು ಹೊತ್ತಿದ್ದುದರಿಂದ ನೇರವಾಗಿ ಸಂಗಮಕ್ಕೆ ಹೋದೆವು. ಶ್ರೀರಂಗಪಟ್ಟಣದ ದ್ವೀಪವನ್ನು ಬಳಸಿ ಬಂದ ಎರಡು ಕವಲುಗಳು ಮತ್ತೆ ಒಂದಾಗುವ ಜಾಗ ಅದು. ಮಾಗಿಯ ಮಂಜು ನೀರಿನ ಮೇಲೆ ಹಾಸಿತ್ತು. ಒಂದು ಸಂಸಾರದವರು ಅಸ್ಥಿಯ ಮಡಕೆ ಹಿಡಿದು ನೀರಿಗಿಳಿದಿದ್ದರು. ಅವರ ಕೆಲಸ ಮುಗಿಯುವಷ್ಟರಲ್ಲಿ ಆಚೆ ದಡದ ಮರಗಳ ಹಿಂದೆ ಸೂರ್ಯ ಮೂಡಿದ. ಅಮೃತಶಿಲೆ ಇಲ್ಲದಿದ್ದರೇನು, ನೀರಿಗೂ ಬಣ್ಣ ಬದಲಿಸುವ ವಿದ್ಯೆ ಗೊತ್ತುಂಟು.

ಬಿಸಿಲು ಏರಿದ ಮೇಲೆ ಗುಂಬಜಿಗೆ ಬಂದೆವು. ನೇರವಾದ ಹಾದಿ, ಎರಡು ಪಕ್ಕಗಳಲ್ಲಿ ಮರಗಳ ಸಾಲು, ಕೊನೆಗೆ ಎತ್ತರದ ಜಗಲಿಯ ಮೇಲೆ ಒಂದೇ ಒಂದು ಗುಮ್ಮಟ. ಹೈದರನು 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಸಮೀಪ ಪಾಳೆಯದಲ್ಲಿದ್ದಾಗಲೇ ತೀರಿಕೊಂಡನು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದುದರಿಂದ ಸಾವಿನ ಸುದ್ದಿ ಹೊರಬೀಳಬಾರದೆಂದು ದೇಹವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆ ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ತಂದದ್ದು ಆಮೇಲೆ. ತಾಜಮಹಲಿನ ಕಥೆಯೂ ಹೀಗೆಯೇ. ಮುಮ್ತಾಜಳು 1631ರಲ್ಲಿ ಕಣ್ಣು ಮುಚ್ಚಿದ್ದು ಗಂಡನ ದಂಡಿನ ಸಂಗಡ ಹೋಗಿದ್ದ ಬುರಹಾನಪುರದಲ್ಲಿ. ಮೊದಲು ಮಣ್ಣು ಮಾಡಿದ್ದೂ ಅಲ್ಲಿಯೇ. ಎರಡೂ ಕಟ್ಟಡಗಳು ದೂರದಲ್ಲಿ ತೀರಿಹೋದವರನ್ನು ಮನೆಗೆ ಕರೆತಂದ ಕಟ್ಟಡಗಳು.

ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ತಾಜಮಹಲಿನ ನಾಲ್ಕು ಮಿನಾರುಗಳು ಸಮಾಧಿಮಂದಿರದಿಂದ ದೂರ ಸರಿದು ಜಗಲಿಯ ನಾಲ್ಕು ಮೂಲೆಗಳಲ್ಲಿ ತಾವೇ ತಾವಾಗಿ ನಿಂತಿವೆ. ಅದರ ಮುಖದಲ್ಲಿ ಮೊದಲು ಕಾಣುವುದು ಮುಗಿಲೆತ್ತರದ ಕಮಾನು. ನಮ್ಮ ಗುಂಬಜಿನಲ್ಲಿ ಮಿನಾರುಗಳು ಕಟ್ಟಡದ ಮೈಗೇ ಅಂಟಿಕೊಂಡಿವೆ. ಚೌಕನಾದ ಕೋಣೆಯ ಸುತ್ತ ಮೂವತ್ತಾರು ಕಪ್ಪುಕಲ್ಲಿನ ನುಣುಪಾದ ಕಂಬಗಳ ಮೊಗಸಾಲೆಯುಂಟು. ಗುಮ್ಮಟವು ಎಸಳುಗಳ ನಡುವಿನಿಂದ ಮೊಗ್ಗಿನಂತೆ ಏಳುತ್ತದೆ. ಬಿಜಾಪುರದ ಇಬ್ರಾಹಿಂ ರೋಜಾವನ್ನು ನೋಡಿದವರಿಗೆ ಈ ಮುಖದ ನೆಂಟಸ್ತನ ಒಡನೆ ತಿಳಿಯುತ್ತದೆ. ಇದು ಆಗ್ರಾದ ವಂಶವಲ್ಲ, ಆದಿಲ್‌ಶಾಹಿಯ ವಂಶ. ಕನ್ನಡ ನಾಡಿನ ಕಲ್ಲಿನಲ್ಲಿ ಬೆಳೆದು ಬಂದ ರೀತಿ. ಗುಮ್ಮಟ ಕಂಡಲ್ಲೆಲ್ಲ ಮೊಗಲರನ್ನು ಕಾಣುವ ನಮ್ಮ ಅಭ್ಯಾಸ ಎಷ್ಟು ತಪ್ಪೆಂದರೆ, ಈ ವಂಶದ ಮೂಲಮನೆಯಾದ ಬಿಜಾಪುರವನ್ನು 1686ರಲ್ಲಿ ಮುತ್ತಿ ಅಲ್ಲಿಯ ರಾಜ್ಯವನ್ನು ಇಲ್ಲವಾಗಿಸಿದವನು ಮೊಗಲ ಚಕ್ರವರ್ತಿ ಔರಂಗಜೇಬನೇ.

“ಹಾಗಾದರೆ ಮೊಗಲರು ನಮ್ಮ ಕಡೆಗೆ ಬರಲೇ ಇಲ್ಲವೆ?” ಎಂದು ಮಗು ಕೇಳಿತು. ಬಂದರು. ಆದರೆ ಅಮೃತಶಿಲೆ ಹೊತ್ತು ಬರಲಿಲ್ಲ. ದಂಡು, ಬಿರುದು, ಕಡತ ಇವುಗಳನ್ನು ತಂದರು.

ಬಿಜಾಪುರ ಬಿದ್ದ ಮರುವರ್ಷ, 1687ರಲ್ಲಿ, ಮೊಗಲ ಸೇನಾಪತಿ ಖಾಸಿಂಖಾನನು ಬೆಂಗಳೂರನ್ನು ಹಿಡಿದನು. ಆ ಊರನ್ನು ಮರಾಠರ ಏಕೋಜಿಯಿಂದ ಮೂರು ಲಕ್ಷ ರೂಪಾಯಿಗೆ ಕೊಳ್ಳಬೇಕೆಂದು ಮೈಸೂರಿನ ಚಿಕ್ಕದೇವರಾಜ ಒಡೆಯರು ವ್ಯಾಪಾರ ಕುದುರಿಸಿದ್ದರು. ಮಾರುವವನು ಬದಲಾದನೇ ಹೊರತು ವ್ಯಾಪಾರ ಕೆಡಲಿಲ್ಲ. ಅದೇ ಬೆಲೆಗೆ ಬೆಂಗಳೂರು ಮೈಸೂರಿನ ಕೈಸೇರಿತು. 1699ರಲ್ಲಿ ಒಡೆಯರು ಔರಂಗಜೇಬನ ಬಳಿಗೆ ರಾಯಭಾರ ಕಳುಹಿಸಿದರು. ಅದು ಜಗದೇವರಾಜನೆಂಬ ಬಿರುದನ್ನು ಹೊತ್ತು ಮರಳಿತು. ಆಮೇಲೆ ಅವರು ಮೊಗಲರ ಮಾದರಿಯಲ್ಲಿ ರಾಜ್ಯದ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರೆಂದು ಮೈಸೂರಿನ ಚರಿತ್ರಕಾರರು ಬರೆದಿದ್ದಾರೆ. ಅದೇ ಅಠಾರಾ ಕಚೇರಿ. ಈಗ ಹೈಕೋರ್ಟು ಇರುವ ಬೆಂಗಳೂರಿನ ಕೆಂಪು ಕಟ್ಟಡಕ್ಕೆ ಆ ಹೆಸರು ಇಂದಿಗೂ ಅಂಟಿಕೊಂಡಿದೆ. ಕಟ್ಟಡ 1868ರಷ್ಟು ಈಚಿನದು. ಹೆಸರಿನ ಬೇರು ಮಾತ್ರ ಈ ಹಳೆಯ ಕಾಲದ್ದು.

ಮೊಗಲರು ನೆಲೆ ಊರಿದ್ದು ಶಿರಾದಲ್ಲಿ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳನ್ನು ಕೂಡಿಸಿ ಹೊಸ ಪ್ರಾಂತವೊಂದನ್ನು ಮಾಡಿ ಶಿರಾವನ್ನು ಅದಕ್ಕೆ ರಾಜಧಾನಿಯಾಗಿಸಿದರು. ಖಾಸಿಂಖಾನನೇ ಅಲ್ಲಿಯ ಮೊದಲ ಅಧಿಕಾರಿ. ಅವನು 1695ರಲ್ಲಿ ಚಳ್ಳಕೆರೆಯ ಬಳಿಯ ದೊಡ್ಡೇರಿಯಲ್ಲಿ ಮರಾಠರ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ಪ್ರಾಣ ಬಿಟ್ಟನು. ಮುಂದಿನ ವರ್ಷ, 1696ರಲ್ಲಿ, ಕಟ್ಟಿದ ಕಲ್ಲಿನ ಜುಮ್ಮಾ ಮಸೀದಿ ಇಂದಿಗೂ ಶಿರಾದಲ್ಲಿ ನಿಂತಿದೆ. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಮೊಗಲರ ಸ್ಮಾರಕವೆಂದು ಬೆರಳು ತೋರಿಸಬೇಕಾದರೆ ಅಲ್ಲಿಗೆ ತೋರಿಸಬೇಕು, ಇಲ್ಲಿಗಲ್ಲ.

ಹದಿನೆಂಟನೆಯ ಶತಮಾನದ ಎರಡನೆಯ ಪಾದದಲ್ಲಿ, ದಿಲಾವರಖಾನನು ಆಳುತ್ತಿದ್ದಾಗ, ಶಿರಾ ತನ್ನ ಏಳಿಗೆಯ ತುದಿ ಮುಟ್ಟಿತು. ಆಗ ಅಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂದು ಹೇಳಿಕೆ. ಅವನು ಕಟ್ಟಿಸಿದ ಅರಮನೆ ಎಷ್ಟು ಅಂದವಾಗಿತ್ತೆಂದರೆ, ಬೆಂಗಳೂರಿನಲ್ಲಿಯೂ ಶ್ರೀರಂಗಪಟ್ಟಣದಲ್ಲಿಯೂ ಹೈದರ್ ಟಿಪ್ಪುಗಳು ಕಟ್ಟಿಸಿದ ಅರಮನೆಗಳಿಗೆ ಅದೇ ಅಚ್ಚಾಯಿತೆಂದು ಗೆಜೆಟಿಯರು ಹೇಳುತ್ತದೆ. ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆ ಶಿರಾದ ಖಾನ್‌ಬಾಗ್ ಇದ್ದಿರಬಹುದೆಂಬ ಮಾತೂ ಉಂಟು. ಇಂದು ಅಚ್ಚು ಇಲ್ಲ. ಅದರಿಂದ ಎರಕವಾದ ಎರಡರಲ್ಲಿ ಶ್ರೀರಂಗಪಟ್ಟಣದ ಲಾಲ್‌ಮಹಲಿನ ಅಡಿಪಾಯ ಮಾತ್ರ ಉಳಿದಿದೆ. ಬೆಂಗಳೂರಿನ ಮರದ ಅರಮನೆಯೊಂದೇ ಆ ಸೊಗಸಿನ ಸಾಕ್ಷಿ.

ಶಿರಾದ ಹೆಸರು ಹೈದರನಿಗೆ ಬೇರೊಂದು ಕಾರಣಕ್ಕೂ ಬೇಕಾಯಿತು. 1761ರಲ್ಲಿ ನಿಜಾಮನ ತಮ್ಮನಾದ ಬಸಾಲತ್‌ಜಂಗನು ಮೂರು ಲಕ್ಷ ರೂಪಾಯಿ ಕಾಣಿಕೆ ತೆಗೆದುಕೊಂಡು ಅವನಿಗೆ ಶಿರಾದ ನವಾಬಗಿರಿಯನ್ನು ಕೊಟ್ಟನು. ತಮಾಷೆಯೆಂದರೆ ಆಗ ಶಿರಾ ಕೊಟ್ಟವನ ಕೈಯಲ್ಲೂ ಇರಲಿಲ್ಲ, ತೆಗೆದುಕೊಂಡವನ ಕೈಯಲ್ಲೂ ಇರಲಿಲ್ಲ; ಮರಾಠರ ವಶದಲ್ಲಿತ್ತು. ಹಿಂದೆ ಚಿಕ್ಕದೇವರಾಜರು ಮೂರು ಲಕ್ಷಕ್ಕೆ ಒಂದು ಊರನ್ನು ಕೊಂಡರು. ಹೈದರನು ಅಷ್ಟೇ ಹಣಕ್ಕೆ ಒಂದು ಊರಿನ ಹೆಸರನ್ನು ಕೊಂಡು, ಊರನ್ನು ಕತ್ತಿಯಿಂದ ಗಳಿಸಿಕೊಂಡನು. ದಿಲ್ಲಿಯ ಬಲ ಕುಗ್ಗಿದ್ದರೂ ದಿಲ್ಲಿಯ ಮುದ್ರೆಗೆ ಅಷ್ಟು ಬೆಲೆಯಿತ್ತು.

ಮಗನು ಆ ಮುದ್ರೆಯನ್ನೇ ಕಳಚಿ ಎಸೆದನು. ಟಿಪ್ಪುವಿನ ನಾಣ್ಯಗಳಲ್ಲಿ ಮೊಗಲ ಚಕ್ರವರ್ತಿಯ ಹೆಸರಿಲ್ಲ. 1786ರ ಸುಮಾರಿಗೆ ತಾನೇ ಪಾದಶಹನೆಂದು ಸಾರಿಕೊಂಡು, ಶುಕ್ರವಾರದ ಪ್ರಾರ್ಥನೆಯಲ್ಲಿ ಷಾ ಆಲಮನ ಹೆಸರಿಗೆ ಬದಲು ತನ್ನ ಹೆಸರನ್ನು ಓದಿಸಿದನು. ಅತ್ತ ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಚಕ್ರವರ್ತಿಯ ಅಧಿಕಾರವನ್ನೆಲ್ಲ ನುಂಗಿಯೂ ಅವನ ಹೆಸರಿನಲ್ಲಿಯೇ ನಾಣ್ಯ ಟಂಕಿಸುತ್ತಿದ್ದರು. 1835ರ ವರೆಗೂ ಆ ನಟನೆ ನಡೆಯಿತು. ಕಂಪೆನಿಯವರು ಹೆಸರನ್ನು ಉಳಿಸಿ ರಾಜ್ಯವನ್ನು ತಿಂದರು. ಟಿಪ್ಪು ಹೆಸರನ್ನೂ ಒಪ್ಪಲಿಲ್ಲ. ಅವನ ತಂದೆಯ ಗೋರಿಯನ್ನು ಮೊಗಲರದೆನ್ನುವುದು ಆದುದರಿಂದ ಶಿಲ್ಪದ ದೃಷ್ಟಿಯಿಂದ ಮಾತ್ರವಲ್ಲ, ಕಟ್ಟಿಸಿದವನ ಮನಸ್ಸಿನ ದೃಷ್ಟಿಯಿಂದಲೂ ತಪ್ಪು.

ಇಷ್ಟು ಹೇಳಿ ಮುಗಿಸಿದ್ದರೆ ಮೊಮ್ಮಗಳಿಗೆ ಉತ್ತರ ಸಿಕ್ಕಂತಾಗುತ್ತಿತ್ತು. ಆದರೆ ಗುಂಬಜಿನಿಂದ ಕೋಟೆಯ ಕಡೆಗೆ ಮರಳುವ ಹಾದಿ ಗಂಜಾಮಿನ ಮೂಲಕವೇ ಹೋಗುತ್ತದೆ. ನಿಮಿಷಾಂಬೆಯ ದರ್ಶನಕ್ಕೆ ಬರುವ ನಾವೆಲ್ಲರೂ ಬಲ್ಲ ಊರು, ಅಂಜೂರಕ್ಕೂ ಹೆಸರಾದದ್ದು. ಟಿಪ್ಪು ಇದನ್ನು ಶಹರ್ ಗಂಜಾಂ ಎಂದು ಹೊಸ ಪಟ್ಟಣವಾಗಿ ನೆಲೆಗೊಳಿಸಿದಾಗ ಅದನ್ನು ತುಂಬಿಸಲು ಜನ ಬೇಕಾಯಿತು. ಶಿರಾದಿಂದ ಹನ್ನೆರಡು ಸಾವಿರ ಸಂಸಾರಗಳನ್ನು ಬಲವಂತವಾಗಿ ಎಬ್ಬಿಸಿ ಇಲ್ಲಿಗೆ ತಂದರೆಂದು ಹಳೆಯ ಗೆಜೆಟಿಯರುಗಳು ಬರೆದಿಟ್ಟಿವೆ. ಅವುಗಳಲ್ಲಿ ಇಷ್ಟೇ ಇದೆ, ಒಂದು ಸಾಲು. ಹನ್ನೆರಡು ಸಾವಿರ ಸಂಸಾರವೆಂದರೆ ಮನೆಗೆ ಐದು ಜನರಂತೆ ಹಿಡಿದರೂ ಅರುವತ್ತು ಸಾವಿರ ಜೀವ. ಮುದುಕರು, ಬಾಣಂತಿಯರು, ಕೈಗೂಸುಗಳು, ಬೀಗ ಹಾಕಿ ಬಂದ ಮನೆಗಳು, ಹಿಂದೆ ಉಳಿದ ಗೋರಿಗಳು ಗುಡಿಗಳು, ಒಣಗಿದ ಬಯಲುಸೀಮೆಯಿಂದ ಕಾವೇರಿಯ ದಂಡೆಯ ತನಕ ದಿನಗಟ್ಟಲೆಯ ನಡಿಗೆ. ಅಂದಿನ ದೊರೆಗಳಿಗೆ ಇದು ಹೊಸತೇನೂ ಆಗಿರಲಿಲ್ಲ. ಊರು ಕಟ್ಟುವುದೆಂದರೆ ಹಲವು ವೇಳೆ ಇನ್ನೊಂದು ಊರನ್ನು ಬರಿದು ಮಾಡುವುದೇ ಆಗಿತ್ತು. ಆದರೂ ಮೂಟೆ ಹೊತ್ತವರಿಗೆ ಅದರಿಂದ ಭಾರ ಕಡಿಮೆಯಾಗಲಾರದು.

ಬಲವಂತದಿಂದ ಬಂದ ಈ ವೈಭವ ಎಷ್ಟು ಕಾಲ ನಿಂತಿತು? 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಹೋರಾಡುತ್ತ ಮಡಿದನು. ಮರುದಿನ ಅವನನ್ನು ಗುಂಬಜಿನಲ್ಲಿ ತಂದೆತಾಯಿಗಳ ಪಕ್ಕದಲ್ಲಿ ಮಣ್ಣು ಮಾಡಿದರು. ಮುಂದಿನ ವರ್ಷ ಈ ಸೀಮೆಯಲ್ಲಿ ಸಂಚರಿಸಿದ ಡಾಕ್ಟರ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದ ಮೇಲೆ ಕಡಿಮೆಯೆಂದರೆ ಒಂದೂವರೆ ಲಕ್ಷ ಜನರಿದ್ದರೆಂದು ಲೆಕ್ಕ ಹಾಕಿದ್ದಾನೆ. ಅವನು ಬಂದಾಗ ಉಳಿದಿದ್ದವರು ಮೂವತ್ತೆರಡು ಸಾವಿರಕ್ಕೂ ತುಸು ಕಡಿಮೆ. ಶಹರ್ ಗಂಜಾಮಿನಲ್ಲಿ ಅವನು ಕೊಟ್ಟ ಲೆಕ್ಕ 2,216 ಮನೆಗಳು, ಸುಮಾರು ಹನ್ನೊಂದು ಸಾವಿರ ಜನ. ಅರಸುತನದ ಗದ್ದುಗೆ ಮೈಸೂರಿಗೆ ಹೋಯಿತು; ಜ್ವರದ ಕಾಟಕ್ಕೆ ಬೇಸತ್ತ ಕಂಪೆನಿಯ ದಂಡು ಕೆಲವೇ ವರ್ಷಗಳಲ್ಲಿ ಬೆಂಗಳೂರಿಗೆ ಹೋಯಿತು. ಅರಮನೆ, ದಂಡು, ದರ್ಬಾರು ನೆಚ್ಚಿದ್ದ ಕಸುಬಿನವರು ಎಲ್ಲಿಗೆ ಹೋದರು? ಕೆಲವರು ಹುಟ್ಟಿದ ಊರಿಗೆ ಮರಳಿರಬೇಕು, ಕೆಲವರು ಇಲ್ಲಿಯೇ ಮಣ್ಣಾಗಿರಬೇಕು. ಒಂದು ರಾಜಧಾನಿಯನ್ನು ಬರಿದು ಮಾಡಿ ತುಂಬಿಸಿದ ಇನ್ನೊಂದು ರಾಜಧಾನಿಯೂ ಹೀಗೆ ಬರಿದಾಯಿತು.

ಗುಂಬಜಿನ ದಂತದ ಕುಸುರಿಯ ಬಾಗಿಲುಗಳನ್ನು ಹತ್ತೊಂಬತ್ತನೆಯ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿ ಮಾಡಿಸಿಕೊಟ್ಟನು. ದರಿಯಾ ದೌಲತಿನ ಗೋಡೆಯಲ್ಲಿ 1780ರ ಪೊಳ್ಳಿಲೂರಿನ ಕದನದ ಚಿತ್ರ ಮಾಸಿದಾಗ, ಯಾರ ಸೋಲನ್ನು ಅದು ತೋರಿಸುತ್ತದೆಯೋ ಆ ಇಂಗ್ಲಿಷರೇ ಬಣ್ಣ ಬಳಿಸಿ ಉಳಿಸಿದರು. ಗೆದ್ದವರೂ ಸೋತವರೂ ದೊರೆಗಳ ನೆನಪನ್ನು ಕಾಪಾಡಲು ಕೈಗೂಡಿಸಿದ್ದಾರೆ. ಶಿರಾದವರಿಗೆ ಅಂಥವರು ಯಾರೂ ಸಿಗಲಿಲ್ಲ.

ಗಂಜಾಮಿನ ಬೀದಿಯಲ್ಲಿ ಇಳಿದು ಕಾಫಿ ಕುಡಿದೆವು. ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದು, “ಅಂದರೆ ಗುಂಬಜು ಮೊಗಲರದಲ್ಲ, ಆದರೆ ಗಂಜಾಂ ಮೊಗಲರ ಊರಿನವರದು; ಹೌದೆ ತಾತ?” ಎಂದಳು. ಹೌದೆಂದೆ. ನಾನು ಒಂದೂವರೆ ಗಂಟೆ ಹೇಳಿದ್ದನ್ನು ಅವಳು ಒಂದು ಉಸಿರಿನಲ್ಲಿ ಹೇಳಿದ್ದಳು.

ಹನ್ನೊಂದು ಗಂಟೆಗೆ ಮೇಟಗಳ್ಳಿಯ ಮನೆಯಲ್ಲಿದ್ದೆವು. ತಾಜಮಹಲಿನ ಹಂಬಲ ಇನ್ನೂ ಇದೆ, ಸುಳ್ಳು ಹೇಳಲಾರೆ. ಆದರೆ ಅದಕ್ಕೆ ಮುಂಚೆ ಒಂದು ಬೆಳಗಿನ ಜಾವ ಶಿರಾಕ್ಕೆ ಹೋಗಬೇಕೆಂದು ತಾತ ಮೊಮ್ಮಗಳು ಮಾತು ಮಾಡಿಕೊಂಡಿದ್ದೇವೆ. ಜುಮ್ಮಾ ಮಸೀದಿಯ ಕಲ್ಲಿನ ಮೇಲೆ ಬಿಸಿಲು ಹೇಗೆ ಬೀಳುತ್ತದೆಂದು ನೋಡಬೇಕು. ಆ ಹನ್ನೆರಡು ಸಾವಿರ ಸಂಸಾರಗಳು ಹಿಂದಿರುಗಿ ನೋಡುತ್ತ ಬಿಟ್ಟುಬಂದ ಊರನ್ನು ನಾವು ಎದುರಿನಿಂದ ಹೋಗಿ ನೋಡಬೇಕು.