ಶಾರ್ಜಾದ ಶುಕ್ರವಾರಗಳು: ಅಭಿಮಾನಿಗಳನ್ನು ಹುಡುಕಿ ಬಂದ ತಂಡ

ಸ್ವದೇಶದ ತಂಡ ಆಡುವಲ್ಲಿಗೆಲ್ಲ ಬೆನ್ನುಹತ್ತಿ ಹೋಗುವ ಅಭಿಮಾನಿಗಳೆಂದರೆ ಫುಟ್‌ಬಾಲ್ ಜಗತ್ತಿಗೆ ಮೊದಲು ನೆನಪಾಗುವವರು ಸ್ಕಾಟ್ಲೆಂಡಿನವರು. ಚೌಕುಳಿ ಬಟ್ಟೆಯ ನೆರಿಗೆಯುಡುಪು ತೊಟ್ಟು, ಬ್ಯಾಗ್‌ಪೈಪ್ ಊದುತ್ತ ಸಾಗುವ ಈ ದಂಡಿಗೆ 'ಟಾರ್ಟನ್ ಆರ್ಮಿ' ಎಂದೇ ಹೆಸರು. 1977ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ತಮ್ಮ ತಂಡ ಇಂಗ್ಲೆಂಡನ್ನು 2-1ರಿಂದ ಸೋಲಿಸಿದಾಗ ಮೈದಾನಕ್ಕೆ ನುಗ್ಗಿ, ಗೋಲುಕಂಬ ಮುರಿದು, ಹುಲ್ಲುಹಾಸನ್ನೇ ಕಿತ್ತೊಯ್ದವರು ಇವರು. ಮುಂದೆ ಸಜ್ಜನ ಅಭಿಮಾನಿಗಳೆಂದು ಹೆಸರು ಗಳಿಸಿದವರೂ ಇವರೇ. 1998ರ ವಿಶ್ವಕಪ್ ಬಳಿಕ ಅವರ ತಂಡ ಮತ್ತೆ ಅರ್ಹತೆ ಪಡೆದದ್ದು 2025ರ ನವೆಂಬರಿನಲ್ಲಿ. ನಡುವಿನ 27 ವರ್ಷವೂ ಈ ದಂಡು ತಂಡದ ಕೈಬಿಡಲಿಲ್ಲ.

ನಮ್ಮ ಕರಾವಳಿಯವರೂ ಸೇರಿದ ಅಂಥ ದಂಡೊಂದು ಉಂಟು. ಆದರೆ ಅದರ ಕಥೆ ತಿರುಗುಮುರುಗು. ಸ್ಕಾಟ್ಲೆಂಡಿನವನು ತಂಡವನ್ನು ಹುಡುಕಿಕೊಂಡು ಪರದೇಶಕ್ಕೆ ಹೋಗುತ್ತಾನೆ. ನಮ್ಮವರು ಹೊಟ್ಟೆಪಾಡು ಹುಡುಕಿಕೊಂಡು ಪರದೇಶಕ್ಕೆ ಹೋದರು. ಅವರನ್ನು ಹುಡುಕಿಕೊಂಡು ತಂಡವೇ ಅಲ್ಲಿಗೆ ಹೋಯಿತು.

ಮುಂಬಯಿಯಿಂದ ಕೊಲ್ಲಿಗೆ

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ರಾಷ್ಟ್ರಗಳಲ್ಲಿ ರಸ್ತೆ, ಬಂದರು, ಕಟ್ಟಡಗಳು ಎದ್ದವು. ಅವನ್ನು ಕಟ್ಟಲು ಜನ ಬೇಕಾಯಿತು. ಅದಕ್ಕೂ ಮೊದಲೇ ಮುಂಬಯಿಯಲ್ಲಿ ಬೇರು ಬಿಟ್ಟಿದ್ದ ದಕ್ಷಿಣ ಕನ್ನಡದ ಮಂದಿಗೆ ಅಲ್ಲಿಂದ ಕೊಲ್ಲಿ ಒಂದೇ ಹೆಜ್ಜೆ ದೂರ. ಬ್ಯಾರಿಗಳು, ಕೆಥೊಲಿಕರು, ಬಂಟರು, ಬಿಲ್ಲವರು, ಮೊಗವೀರರು ಹೀಗೆ ಎಲ್ಲ ಸಮುದಾಯದವರೂ ವಿಮಾನ ಏರಿದರು. ಗುಮಾಸ್ತರು, ದಾದಿಯರು, ಚಾಲಕರು, ಅಡುಗೆಯವರು, ಇಂಜಿನಿಯರರು ಎಲ್ಲರೂ ಇದ್ದರು. ಮಂಗಳೂರಿನ ಬಜಪೆಯಿಂದಲೇ ದುಬಾಯಿಗೆ ನೇರ ವಿಮಾನ ಆರಂಭವಾದದ್ದು 2006ರಲ್ಲಿ. ಅಲ್ಲಿಯವರೆಗೆ ಹೆಚ್ಚಿನವರ ದಾರಿ ಮುಂಬಯಿಯ ಮೇಲಿಂದ.

ಹೋದವರು ಅಲ್ಲಿ ಕನ್ನಡ ಸಂಘ, ತುಳುಕೂಟಗಳನ್ನು ಕಟ್ಟಿಕೊಂಡರು, ಯಕ್ಷಗಾನ ಆಡಿಸಿದರು. ಆದರೆ ಮಲೆಯಾಳಿ, ಪಂಜಾಬಿ, ಗುಜರಾತಿಗಳ ಜೊತೆ ಒಂದೇ ಸಾಲಿನಲ್ಲಿ ಕುಳಿತು 'ನಾವು ಭಾರತೀಯರು' ಎಂದು ಕೂಗುವ ಜಾಗ ಒದಗಿಸಿದ್ದು ಕ್ರಿಕೆಟ್.

ಕರಾಚಿಯಲ್ಲಿ ಓದುವಾಗ ಕ್ರಿಕೆಟಿನ ಹುಚ್ಚು ಹತ್ತಿಸಿಕೊಂಡಿದ್ದ ಶಾರ್ಜಾದ ಉದ್ಯಮಿ ಅಬ್ದುಲ್ ರಹಮಾನ್ ಬುಖಾತಿರ್ ಅದರ ರೂವಾರಿ. 1981ರಲ್ಲಿ ಅವರು ಗಾವಸ್ಕರ್ ತಂಡಕ್ಕೂ ಮಿಯಾಂದಾದ್ ತಂಡಕ್ಕೂ ಪಂದ್ಯ ಏರ್ಪಡಿಸಿದರು. ಭಾರತ, ಪಾಕಿಸ್ತಾನಗಳ ಆಟಗಾರರಿಗೆ ನಿಧಿ ಒಪ್ಪಿಸುವುದು ಉದ್ದೇಶವಾಗಿತ್ತು. 1984ರ ಏಪ್ರಿಲಿನಲ್ಲಿ ಮೊದಲ ಏಷ್ಯಾ ಕಪ್ ಅಲ್ಲೇ ನಡೆದು ಭಾರತ ಗೆದ್ದಿತು. ಸ್ಥಳೀಯ ಅರಬರಿಗೆ ಕ್ರಿಕೆಟ್ ಬೇಕಿರಲಿಲ್ಲ. ಗ್ಯಾಲರಿ ತುಂಬಿಸಿದವರು ಭಾರತ, ಪಾಕಿಸ್ತಾನ, ಶ್ರೀಲಂಕಾಗಳಿಂದ ದುಡಿಯಲು ಬಂದವರು. ಒಂದು ಊರಿನ ಕ್ರೀಡಾಂಗಣ ಊರಿನವರಲ್ಲದವರಿಂದಲೇ ನಡೆದ ಅಪರೂಪದ ಪ್ರಸಂಗವಿದು. ಆ ಮೈದಾನ ಇದುವರೆಗೆ ಇನ್ನೂರಕ್ಕೂ ಹೆಚ್ಚು ಏಕದಿನ ಪಂದ್ಯಗಳನ್ನು ಕಂಡಿದೆ.

ರಜೆಯ ದಿನದ ಗಾಯ

ಆಗ ಅಲ್ಲಿ ವಾರದ ರಜೆ ಶುಕ್ರವಾರ. ಆದ್ದರಿಂದ ದೊಡ್ಡ ಪಂದ್ಯಗಳೂ ಬಹುತೇಕ ಶುಕ್ರವಾರಕ್ಕೇ ಬಂದವು. 1985ರ ಮಾರ್ಚ್ 22ರ ಶುಕ್ರವಾರ ಇಮ್ರಾನ್ ಖಾನ್ 14 ರನ್ನಿಗೆ ಆರು ವಿಕೆಟ್ ಕಿತ್ತು ಭಾರತವನ್ನು 125ಕ್ಕೆ ಉರುಳಿಸಿದರು. ಪಂದ್ಯ ಮುಗಿಯಿತೆಂದು ಬಗೆದವರ ಮುಂದೆಯೇ ಪಾಕಿಸ್ತಾನ 87ಕ್ಕೆ ಕುಸಿಯಿತು. ಅದೇ ಇಮ್ರಾನರನ್ನು ಸೊನ್ನೆಗೆ ಸ್ಟಂಪ್ ಮಾಡಿದವರು ಬೆಂಗಳೂರಿನ ಸದಾನಂದ ವಿಶ್ವನಾಥ್.

ಮರುವರ್ಷ ಏಪ್ರಿಲ್ 18, ಅದೂ ಶುಕ್ರವಾರ. ಪಾಕಿಸ್ತಾನಕ್ಕೆ ಕೊನೆಯ ಚೆಂಡಿಗೆ ನಾಲ್ಕು ರನ್ ಬೇಕಿತ್ತು. ಚೇತನ್ ಶರ್ಮ ಎಸೆದ ಚೆಂಡನ್ನು ಜಾವೇದ್ ಮಿಯಾಂದಾದ್ ಸಿಕ್ಸರಿಗೆ ಅಟ್ಟಿದರು. 1991ರ ಅಕ್ಟೋಬರ್ 25ರ ಶುಕ್ರವಾರ ಆಕಿಬ್ ಜಾವೇದ್ ಹ್ಯಾಟ್ರಿಕ್ ಸಹಿತ 37 ರನ್ನಿಗೆ ಏಳು ವಿಕೆಟ್ ಪಡೆದರು. ಶುಕ್ರವಾರ ಶಾರ್ಜಾದಲ್ಲಿ ಭಾರತ ಗೆಲ್ಲುವುದಿಲ್ಲ ಎಂಬ ಮಾತೇ ಹುಟ್ಟಿಕೊಂಡಿತು.

ಊರಿನಲ್ಲಿ ಟಿ.ವಿ. ನೋಡಿ ಸೋಲುಂಡವನು ಸೆಟ್ ಆರಿಸಿ ಮಲಗಬಹುದು. ಅಲ್ಲಿದ್ದವನಿಗೆ ಆ ಅನುಕೂಲವಿಲ್ಲ. ಶನಿವಾರ ಬೆಳಿಗ್ಗೆ ಅವನು ಪಾಕಿಸ್ತಾನದ ಸಹೋದ್ಯೋಗಿಯ ಜೊತೆ ಅದೇ ವಾಹನದಲ್ಲಿ ಅದೇ ಕೆಲಸಕ್ಕೆ ಹೋಗಬೇಕು. ಗೆದ್ದವನ ಚೇಷ್ಟೆ, ಸೋತವನ ಮೌನ ಎರಡೂ ಒಂದೇ ಊಟದ ಮೇಜಿನಲ್ಲಿ ಕೂರಬೇಕು. ಗಡಿಯಲ್ಲಿ ಎದುರಾಳಿಗಳಾದ ಎರಡು ದೇಶಗಳ ಜನ ದಿನನಿತ್ಯ ಕೂಡಿ ಬಾಳಿದ್ದು ಕೊಲ್ಲಿಯಲ್ಲಿ ಎಂಬುದನ್ನೂ ಇಲ್ಲಿ ನೆನೆಯಬೇಕು.

ಈ ಗಾಯಕ್ಕೆ ಮುಲಾಮು ಸಿಕ್ಕಿದ್ದು 1998ರ ಏಪ್ರಿಲಿನಲ್ಲಿ, ಆಸ್ಟ್ರೇಲಿಯದ ಎದುರು. 22ರಂದು ಮರಳ ಬಿರುಗಾಳಿ ಎದ್ದು ಆಟ ನಿಂತಿತು. ಮತ್ತೆ ಆರಂಭವಾದಾಗ ಸಚಿನ್ ತೆಂಡೂಲ್ಕರ್ 143 ಹೊಡೆದರು. ಪಂದ್ಯ ಸೋತರೂ ಭಾರತ ಫೈನಲ್ ತಲುಪಿತು. 24ರಂದು, ತಮ್ಮ 25ನೇ ಹುಟ್ಟುಹಬ್ಬದ ದಿನ, ಸಚಿನ್ 134 ಹೊಡೆದು ಕಪ್ ಗೆಲ್ಲಿಸಿದರು. ಅದೂ ಶುಕ್ರವಾರವೇ.

ಆ ಬಳಿಕ ಮೋಸದಾಟದ ಹಗರಣ ಕ್ರಿಕೆಟನ್ನು ಕಾಡಿತು. 2000ದ ಅಕ್ಟೋಬರಿನಲ್ಲಿ ಶ್ರೀಲಂಕಾ ಎದುರು ಭಾರತ 54ಕ್ಕೆ ಆಲೌಟಾಯಿತು. 2001ರಲ್ಲಿ ಕೇಂದ್ರ ಸರಕಾರ ಶಾರ್ಜಾದಂಥ ತಾಣಗಳಲ್ಲಿ ಆಡುವುದನ್ನು ತಡೆಯಿತು. ಭಾರತದ ಪುರುಷರ ತಂಡ ಅಲ್ಲಿ ಮತ್ತೆ ಏಕದಿನ ಪಂದ್ಯ ಆಡಿಲ್ಲ.

ಪಂಜರದೊಳಗಿನ ಉತ್ತರ

1990ರಲ್ಲಿ ಬ್ರಿಟನ್ನಿನ ರಾಜಕಾರಣಿ ನಾರ್ಮನ್ ಟೆಬಿಟ್ 'ಕ್ರಿಕೆಟ್ ಪರೀಕ್ಷೆ' ಎಂಬ ವಿವಾದ ಎಬ್ಬಿಸಿದ್ದರು. ವಲಸೆ ಬಂದವರು ಯಾವ ತಂಡಕ್ಕೆ ಜೈ ಎನ್ನುತ್ತಾರೆಂಬುದೇ ಅವರ ನಿಷ್ಠೆಯ ಒರೆಗಲ್ಲು ಎಂಬ ವಾದ ಅದು. ಕೊಲ್ಲಿಯಲ್ಲಿ ಈ ಪ್ರಶ್ನೆಗೆ ಅರ್ಥವೇ ಇಲ್ಲ. ಅಲ್ಲಿ ಬಹುಪಾಲು ಜನರಿಗೆ ವೀಸಾ ಉದ್ಯೋಗಕ್ಕೆ ಅಂಟಿಕೊಂಡದ್ದು. ಮೂವತ್ತು ವರ್ಷ ದುಡಿದರೂ ಪೌರತ್ವ ಸಿಗುವುದು ಬಲು ಅಪರೂಪ. ನಿಮ್ಮವನೆಂದು ಒಪ್ಪಿಕೊಳ್ಳದ ನೆಲ ನಿಮ್ಮ ನಿಷ್ಠೆಯನ್ನು ಕೇಳುವುದಾದರೂ ಹೇಗೆ?

ಆದರೂ ಒಮ್ಮೆ ಕೇಳಿದ್ದುಂಟು. 2019ರ ಜನವರಿಯಲ್ಲಿ ಏಷ್ಯನ್ ಕಪ್ ಫುಟ್‌ಬಾಲ್ ಯು.ಎ.ಇ.ಯಲ್ಲಿ ನಡೆಯಿತು. ಭಾರತ ಮೊದಲ ಪಂದ್ಯದಲ್ಲಿ ಥಾಯ್ಲೆಂಡನ್ನು 4-1ರಿಂದ ಮಣಿಸಿತ್ತು. ಮುಂದಿನ ಪಂದ್ಯ ಆತಿಥೇಯರೊಡನೆ. ಆಗ ಒಂದು ವಿಡಿಯೋ ಹರಿದಾಡಿತು: ಕೆಲಸಗಾರರನ್ನು ಹಕ್ಕಿಯ ಪಂಜರದಲ್ಲಿ ಕೂಡಿಹಾಕಿ, ಕೈಯಲ್ಲಿ ಬೆತ್ತ ಹಿಡಿದ ಒಬ್ಬ ಯಾರಿಗೆ ಬೆಂಬಲವೆಂದು ಕೇಳುತ್ತಾನೆ. ಅವರು ಭಾರತಕ್ಕೆ ಎನ್ನುತ್ತಾರೆ. ಯು.ಎ.ಇ.ಗೆ ಎಂದು ಹೇಳಿದ ಮೇಲಷ್ಟೇ ಬಿಡುಗಡೆ. ಅದು ತಮಾಷೆಯೆಂದು ಆತ ಹೇಳಿಕೊಂಡರೂ ಅಲ್ಲಿನ ಅಧಿಕಾರಿಗಳು ಅವನನ್ನು ಬಂಧಿಸಿದರು. ಪಂದ್ಯವನ್ನು ಭಾರತ 0-2ರಿಂದ ಸೋತಿತು. ಬೆತ್ತದ ಮುಂದೆಯೂ ಮೊದಲು ಬಾಯಿಗೆ ಬಂದದ್ದು ತಾಯ್ನಾಡಿನ ಹೆಸರು ಎಂಬುದು ಮಾತ್ರ ಉಳಿಯಿತು.

ಅವಮಾನದ ಇನ್ನೊಂದು ಬಗೆ 2022ರಲ್ಲಿ ಕಂಡಿತು. ಕತಾರಿನ ವಿಶ್ವಕಪ್ಪಿಗೆ ಮುನ್ನ ಇಂಗ್ಲೆಂಡ್, ಅರ್ಜೆಂಟೀನ, ಬ್ರೆಜಿಲ್ ಅಂಗಿ ತೊಟ್ಟು ದೋಹಾದಲ್ಲಿ ಮೆರವಣಿಗೆ ಹೊರಟ ಭಾರತೀಯರನ್ನು ಯೂರೋಪಿನ ಕೆಲವರು ಬಾಡಿಗೆ ಅಭಿಮಾನಿಗಳೆಂದರು. ಸಂಘಟಕರು ಅದನ್ನು ಅಲ್ಲಗಳೆದರು. ಕೇರಳದಲ್ಲಿ ವಿಶ್ವಕಪ್ ಬಂತೆಂದರೆ ಬೀದಿಬೀದಿಯಲ್ಲಿ ಮೆಸ್ಸಿ, ನೇಮಾರರ ಆಳೆತ್ತರದ ಕಟೌಟು ಏಳುವುದನ್ನು ಬಲ್ಲವರಿಗೆ ಈ ಅನುಮಾನ ನಗು ತರಿಸೀತು. 2024ರ ಜನವರಿಯಲ್ಲಿ ಏಷ್ಯನ್ ಕಪ್ಪಿಗಾಗಿ ಭಾರತವೇ ಕತಾರಿಗೆ ಬಂದಾಗ ಆ ಜನ ನೀಲಿ ತೊಟ್ಟು ಗ್ಯಾಲರಿ ತುಂಬಿದರು. ಮೂರು ಪಂದ್ಯ, ಮೂರೂ ಸೋಲು, ಭಾರತದ ಲೆಕ್ಕಕ್ಕೆ ಒಂದೂ ಗೋಲಿಲ್ಲ. ಹಣಕ್ಕೆ ಕೂಗುವವರು ಇಂಥ ತಂಡವನ್ನು ಆರಿಸಿಕೊಳ್ಳುವುದುಂಟೆ?

ನಮ್ಮೂರ ಬ್ಯಾಟು

2025ರ ಫೆಬ್ರವರಿ-ಮಾರ್ಚಿನಲ್ಲಿ ಚಾಂಪಿಯನ್ಸ್ ಟ್ರೋಫಿಗೆ ಪಾಕಿಸ್ತಾನ ಆತಿಥೇಯ; ಭಾರತ ಮಾತ್ರ ತನ್ನ ಎಲ್ಲ ಪಂದ್ಯಗಳನ್ನು ದುಬಾಯಿಯಲ್ಲಿ ಆಡಿತು. ಆಸ್ಟ್ರೇಲಿಯದ ಎದುರಿನ ಸೆಮಿಫೈನಲನ್ನು ಸಿಕ್ಸರಿನೊಂದಿಗೆ ಮುಗಿಸಿದವರು ಸುರತ್ಕಲ್ಲಿನಲ್ಲಿ ಬೆಳೆದ, ಮಂಗಳೂರಿನಲ್ಲಿ ಬ್ಯಾಟು ಹಿಡಿಯಲು ಕಲಿತ ಕೆ.ಎಲ್. ರಾಹುಲ್. ಕರಾವಳಿಯವರು ಕೊಲ್ಲಿಗೆ ಹೋಗತೊಡಗಿ ಅರ್ಧ ಶತಮಾನ ಕಳೆದ ಮೇಲೆ, ಅಲ್ಲಿನ ಗ್ಯಾಲರಿ ನಮ್ಮೂರ ಹುಡುಗನ ಹೊಡೆತಕ್ಕೆ ಎದ್ದು ನಿಂತಿತು.

ಅನಿವಾಸಿ ಭಾರತೀಯರಿಗೆ 2010ರ ತಿದ್ದುಪಡಿಯಿಂದ ಮತದಾನದ ಹಕ್ಕು ಬಂದಿದೆ. ಆದರೆ ಚಲಾಯಿಸಬೇಕಾದರೆ ಊರಿನ ಮತಗಟ್ಟೆಗೇ ಬರಬೇಕು. ವಿಮಾನದ ಖರ್ಚು, ರಜೆ ಎರಡೂ ಕೂಡಿಬರುವುದು ಎಷ್ಟು ಮಂದಿಗೆ? ದುಡಿವ ನಾಡಿನಲ್ಲಿ ಪೌರರಲ್ಲ, ಹುಟ್ಟಿದ ನಾಡಿನ ಚುನಾವಣೆಯಲ್ಲಿ ಹೆಚ್ಚಿನವರು ಹಾಜರಿಲ್ಲ. ಇಂಥವರಿಗೆ ಭಾರತೀಯರೆಂದು ಒಟ್ಟಾಗಿ ನಿಂತು ದನಿ ಎತ್ತಲು ಸಿಕ್ಕ ಕೆಲವೇ ಜಾಗಗಳಲ್ಲಿ ಮೈದಾನದ ಗ್ಯಾಲರಿ ಒಂದು. ಆ ಕೂಗನ್ನು ಬರಿಯ ಆಟದ ಹುಚ್ಚು ಎಂದು ತಳ್ಳಿಹಾಕುವ ಮುನ್ನ ಇಷ್ಟನ್ನು ನೆನಪಿಡುವುದು ಒಳಿತು.