ಒನಕೆಯಷ್ಟೇ ಮುಖ್ಯ ಕಹಳೆ

ಚಿತ್ರದುರ್ಗದ ಕೋಟೆ ನೋಡಲು ಬಂದವರು ಓಬವ್ವನ ಕಿಂಡಿಯ ಮುಂದೆ ನಿಲ್ಲದೆ ಹೋಗುವುದಿಲ್ಲ. ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆ ಹೋದ ಓಬವ್ವ, ಬಂಡೆಯ ಸಂದಿನಲ್ಲಿ ಹೈದರಾಲಿಯ ಸೈನಿಕರು ನುಸುಳುತ್ತಿರುವುದನ್ನು ಕಂಡು, ಒನಕೆಯಿಂದ ಒಬ್ಬೊಬ್ಬರನ್ನೇ ಕೆಡವಿದ ಕಥೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮಕ್ಕಳಿಗೂ ಬಾಯಿಪಾಠ. 1779ರಲ್ಲಿ ದುರ್ಗ ಹೈದರನ ವಶವಾಯಿತು. ಓಬವ್ವನ ಹೆಸರು ಮಾತ್ರ ಉಳಿಯಿತು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಕೆಯ ಜಯಂತಿ ಆಚರಿಸುತ್ತಿದೆ. ಹಾಸ್ಟೆಲ್ ವಿದ್ಯಾರ್ಥಿನಿಯರ ಆತ್ಮರಕ್ಷಣೆ ತರಬೇತಿಗೂ ಅವಳದೇ ಹೆಸರನ್ನು ಇಡಲಾಯಿತು.

ಆದರೆ ಈ ಕಥೆಯಲ್ಲಿ ಒನಕೆಯ ಜೊತೆಗೆ ಕಹಳೆಯೂ ಇದೆ. ಊಟ ಮುಗಿಸಿ ಬಂದ ಕಾವಲುಗಾರ ಮುದ್ದ ಹನುಮ, ಹೆಣಗಳ ರಾಶಿಯ ನಡುವೆ ನಿಂತ ಹೆಂಡತಿಯನ್ನು ಕಂಡು ಕಹಳೆ ಊದಿದ. ಕೋಟೆಯ ಪಡೆ ಎಚ್ಚೆತ್ತಿತು. ಹೆಣ್ಣುಮಗಳ ಕೈಗೆ ಒನಕೆ ಕೊಟ್ಟರೆ ಸಾಲದು, ಸುತ್ತಲಿನವರು ಕಹಳೆ ಊದಬೇಕು. ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ನಮ್ಮ ಸಮಾಜ ಮರೆತಿರುವುದು ಇದನ್ನೇ.

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಮಗ ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟನೆಂಬ ಸಿಟ್ಟಿಗೆ ತಾಯಿಯನ್ನು ವಿವಸ್ತ್ರಗೊಳಿಸಿ, ಮೆರವಣಿಗೆ ಮಾಡಿ, ವಿದ್ಯುತ್ ಕಂಬಕ್ಕೆ ಕಟ್ಟಿ ಥಳಿಸಲಾಯಿತು. ಪ್ರಕರಣವನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡ ಹೈಕೋರ್ಟ್, ಐವತ್ತು-ಅರವತ್ತು ಜನರಿದ್ದರೂ ತಡೆಯಲು ಮುಂದಾದವನು ಒಬ್ಬನೇ ಎಂಬುದನ್ನು ಗುರುತಿಸಿತು. ಅವನಿಗೂ ಪೆಟ್ಟು ಬಿದ್ದಿತ್ತು. ತಪ್ಪಿತಸ್ಥರಿಗೆ ಆಸರೆ ಕೊಟ್ಟ ಊರಿನ ಮೇಲೆಲ್ಲ ತೆರಿಗೆ ಹೇರುತ್ತಿದ್ದ ಬೆಂಟಿಂಕ್ ಕಾಲದ ‘ಪುಂಡುಗಂದಾಯ’ವನ್ನೂ ನ್ಯಾಯಪೀಠ ನೆನಪಿಸಿತು. ನೋಡುತ್ತ ನಿಲ್ಲುವುದೂ ಹೊಣೆಗೇಡಿತನವೆಂಬುದು ಅದರ ಇಂಗಿತ.

ಜನ ಏಕೆ ಹೀಗೆ ನಿಲ್ಲುತ್ತಾರೆ? ಅವರೆಲ್ಲರೂ ಕಟುಕರೇ? 1968ರಲ್ಲಿ ಪ್ರಕಟವಾದ ಅಮೆರಿಕದ ಲತಾನೆ ಮತ್ತು ಡಾರ್ಲಿ ಅವರ ಪ್ರಯೋಗ ಬೇರೆ ಉತ್ತರ ಕೊಡುತ್ತದೆ. ಕೋಣೆಯೊಳಗೆ ಹೊಗೆ ಬಿಟ್ಟಾಗ, ಒಬ್ಬರೇ ಇದ್ದವರಲ್ಲಿ ಶೇ 75ರಷ್ಟು ಜನ ಹೊರಗೆ ಹೋಗಿ ತಿಳಿಸಿದರು. ಏನೂ ಆಗದಂತೆ ಸುಮ್ಮನೆ ಕುಳಿತ ಇಬ್ಬರ ಜೊತೆಗಿದ್ದವರಲ್ಲಿ ಹೀಗೆ ತಿಳಿಸಿದವರು ಶೇ 10 ಮಾತ್ರ. ‘ಅವರೇ ಸುಮ್ಮನಿದ್ದಾರೆ, ನನಗೇಕೆ’ ಎಂಬ ಲೆಕ್ಕಾಚಾರ ಗುಂಪಿನಲ್ಲಿ ಎಲ್ಲರನ್ನೂ ಕಟ್ಟಿಹಾಕುತ್ತದೆ. ಈ ಕಟ್ಟು ಬಿಚ್ಚಲು ಒಬ್ಬರ ದನಿ ಸಾಕಾಗಬಹುದು; ಅದನ್ನು ಕಲಿಸಲೂಬಹುದು.

ಕಹಳೆ ಊದುವುದೆಂದರೆ ಹೊಡೆದಾಟಕ್ಕೆ ಇಳಿಯುವುದಲ್ಲ. ಬಸ್ಸಿನಲ್ಲಿ ಹುಡುಗಿಯೊಬ್ಬಳಿಗೆ ಯಾರೋ ಮೈಗೆ ಮೈ ತಾಗಿಸುತ್ತಿದ್ದರೆ, ‘ಬಾರಮ್ಮ, ಇಲ್ಲಿ ಜಾಗ ಇದೆ’ ಎಂದು ಕರೆದರೂ ಸಾಕು. ಕಂಡಕ್ಟರಿಗೆ ತಿಳಿಸಬಹುದು. ಗುಂಪಿನಲ್ಲಿ ‘ಯಾರಾದರೂ ಬನ್ನಿ’ ಎನ್ನುವ ಬದಲು ‘ಕೆಂಪು ಅಂಗಿಯವರೇ, 112ಕ್ಕೆ ಫೋನ್ ಮಾಡಿ’ ಎಂದು ಒಬ್ಬರಿಗೇ ಹೇಳಿದರೆ ಹೊಣೆ ಅವರ ಹೆಗಲೇರುತ್ತದೆ. ಎಲ್ಲ ಮುಗಿದ ಮೇಲೆ ನೊಂದವಳ ಬಳಿ ನಿಂತು ‘ನಿನ್ನ ತಪ್ಪಲ್ಲ, ಸಾಕ್ಷಿಗೆ ನಾನಿದ್ದೇನೆ’ ಎನ್ನುವುದೂ ನೆರವೇ. ಮೊಬೈಲಿನಲ್ಲಿ ಚಿತ್ರ ತೆಗೆದಿದ್ದರೆ ಅದು ಪೊಲೀಸರಿಗೆ ಸೇರಬೇಕು, ಊರಿಗೆಲ್ಲ ಹಂಚಬಾರದು. ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಯಲು ಮಾಡುವುದೇ ಅಪರಾಧ.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಕಟ್ಟುನಿಟ್ಟು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ವಯಸ್ಕರಿಗೆ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ ಆಗಬಹುದು. ಸದುದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯೂ ಉಂಟು. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181. ‘ಮರ್ಯಾದೆ ಪ್ರಶ್ನೆ, ಊರಲ್ಲೇ ತೀರ್ಮಾನ ಮಾಡೋಣ’ ಎಂಬ ಹಿರಿಯರ ಮಾತು ಇಲ್ಲಿ ನಡೆಯುವಂತಿಲ್ಲ.

ಓಬವ್ವನಂತೆ ಒನಕೆ ಬೀಸುವ ಗುಂಡಿಗೆ ಎಲ್ಲರಿಗೂ ಇರಲಾರದು. ಆದರೆ ಕಹಳೆಗೆ ಬೇಕಾದ ಉಸಿರು ಎಲ್ಲರಲ್ಲೂ ಇದೆ.